ಸಿಂಗಲ್ ಕೋಟಾ, ಡಬಲ್ ಕೋಟಾ? ಜ್ಯಾಂಗೊಗೆ ಬ್ಲ್ಯಾಕ್ ಬಂದ ಕಥೆ

ಓಪನ್ ಸೋರ್ಸ್ ಪ್ರಾಜೆಕ್ಟಿಗೆ ಪುಲ್ ರಿಕ್ವೆಸ್ಟ್ ಕಳಿಸಿದವರಿಗೆ ಇದು ಗೊತ್ತಿರುತ್ತೆ. ಎರಡು ರಾತ್ರಿ ಕೂತು ಬಗ್ ಹುಡುಕಿ ಸರಿ ಮಾಡಿರ್ತೀರಿ. ರಿವ್ಯೂನಲ್ಲಿ ಬಗ್ ಬಗ್ಗೆ ಒಂದು ಮಾತೂ ಇರಲ್ಲ. "ಇಲ್ಲಿ ಸ್ಪೇಸ್ ಬೇಕು", "ಈ ಸಾಲು ಉದ್ದ ಆಯ್ತು", "ಸಿಂಗಲ್ ಕೋಟ್ ಹಾಕಿ" ಇಷ್ಟೇ. ಹಾಗಂತ ರಿವ್ಯೂ ಮಾಡಿದವರನ್ನು ಬೈಯೋ ಹಾಗೂ ಇಲ್ಲ. ನೂರಾರು ಜನ ಬರೆಯೋ ಕೋಡ್ ಒಂದೇ ಥರ ಇಲ್ಲದಿದ್ದರೆ ಓದೋದು ಕಷ್ಟ. ಆದರೆ ಈ ಕೆಲಸ ಮನುಷ್ಯರೇ ಯಾಕೆ ಮಾಡಬೇಕು?

ಗೋ ಭಾಷೆಯವರಿಗೆ ಈ ತಲೆನೋವು ಕಡಿಮೆ, ಭಾಷೆಯ ಜೊತೆಗೇ ಗೋಫಂಟ್ ಬರುತ್ತೆ. ಪೈಥಾನ್‌ನಲ್ಲಿ 2018ರಲ್ಲಿ ಲೂಕಾಶ್ ಲಾಂಗಾ 'ಬ್ಲ್ಯಾಕ್' ಅನ್ನೋ ಫಾರ್ಮ್ಯಾಟರ್ ಬರೆದರು. ಕಪ್ಪು ಆಗಿದ್ದರೆ ಯಾವ ಬಣ್ಣದ ಕಾರಾದರೂ ಸಿಗುತ್ತೆ ಅಂತ ಹೆನ್ರಿ ಫೋರ್ಡ್ ಹೇಳಿದ್ದರಂತಲ್ಲ, ಹೆಸರು ಆ ಮಾತಿನಿಂದ ಬಂದಿದ್ದು. ಇಲ್ಲೂ ಆಯ್ಕೆ ಬಹಳ ಕಡಿಮೆ. ಸಾಲಿಗೆ 88 ಅಕ್ಷರ, ಡಬಲ್ ಕೋಟ್, ಮುಗೀತು. ಕೋಡನ್ನು ಪಾರ್ಸ್ ಮಾಡಿ ತನ್ನ ನಿಯಮದಂತೆ ಮತ್ತೆ ಬರೆಯುತ್ತೆ. ಆಮೇಲೆ ಹಳೆಯ ಮತ್ತು ಹೊಸ ಕೋಡಿನ ಸಿಂಟ್ಯಾಕ್ಸ್ ಟ್ರೀಗಳನ್ನು ಹೋಲಿಸುತ್ತೆ. ಅರ್ಥ ಬದಲಾಗಿದ್ದರೆ ಫೈಲನ್ನು ಮುಟ್ಟಲ್ಲ.

ಕಮಾಂಡ್ ಒಂದೇ ಸಾಲು. ಹಾಗಿದ್ದರೆ ಜ್ಯಾಂಗೊದಂಥ ಪ್ರಾಜೆಕ್ಟಿಗೆ ಹತ್ತಿರ ಹತ್ತಿರ ಮೂರು ವರ್ಷ ಯಾಕೆ ಬೇಕಾಯ್ತು? 2005ರಿಂದ ಹೊರಗಿರುವ ಪ್ರಾಜೆಕ್ಟ್ ಅದು. ಬ್ಲ್ಯಾಕ್ ಬಳಸೋಣ ಅನ್ನೋ ಪ್ರಸ್ತಾವಕ್ಕೆ 2019ರಲ್ಲೇ ಒಪ್ಪಿಗೆ ಸಿಕ್ಕಿತ್ತು. ಆದರೆ ಬ್ಲ್ಯಾಕ್ ಆಗ ಇನ್ನೂ ಬೀಟಾ. ನಿಯಮ ಬದಲಾದಾಗಲೆಲ್ಲ ಇಡೀ ಕೋಡ್ ಅಲ್ಲಾಡಬಾರದು ಅಂತ ಕಾದರು. 2022ರ ಜನವರಿಯಲ್ಲಿ ಬ್ಲ್ಯಾಕ್ ಬೀಟಾದಿಂದ ಹೊರಬಂತು, ಫೆಬ್ರವರಿಯಲ್ಲಿ ಜ್ಯಾಂಗೊ ಕೋಡ್ ಪೂರ್ತಿ ಬದಲಾಯ್ತು. ಅಲ್ಲಿವರೆಗೆ ಸಾಲಿನ ಮಿತಿ 119 ಇತ್ತು.

ವಿರೋಧಿಗಳ ಮಾತಲ್ಲೂ ಹುರುಳಿದೆ. ಕೈಯಲ್ಲಿ ಅಂದವಾಗಿ ಜೋಡಿಸಿದ ಮ್ಯಾಟ್ರಿಕ್ಸನ್ನು ಬ್ಲ್ಯಾಕ್ ಸಾಲಿಗೊಂದು ಸಂಖ್ಯೆಯಂತೆ ಉದ್ದಕ್ಕೆ ಚೆಲ್ಲಿಬಿಡಬಹುದು. ಅಂಥ ಕಡೆ ಎಫ್‌ಎಂಟಿ ಆಫ್, ಎಫ್‌ಎಂಟಿ ಆನ್ ಅನ್ನೋ ಕಾಮೆಂಟ್ ಹಾಕಿ ಅದನ್ನು ದೂರ ಇಡಬಹುದು. ಜ್ಯಾಂಗೊದವರು ಇನ್ನೊಂದು ಜಾಣ ಕೆಲಸ ಮಾಡಿದರು: ಬ್ಲ್ಯಾಕ್ ಕೈಗೆ ಸಿಕ್ಕರೆ ಕೆಡುತ್ತೆ ಅನ್ನಿಸಿದ ಜಾಗಗಳನ್ನು ಮೊದಲು ತಾವೇ ತಿದ್ದಿ, ಅದನ್ನು ಬೇರೆ ಕಮಿಟ್ ಮಾಡಿದರು.

ನನಗೆ ನಿಜವಾಗಿ ದೊಡ್ಡದು ಅನ್ನಿಸೋ ಪ್ರಶ್ನೆ ಅಂದದ್ದಲ್ಲ, ಇತಿಹಾಸದ್ದು. ಹಳೆ ಕೋಡ್ ಓದುವಾಗ "ಈ ವಿಚಿತ್ರ ಇಫ್ ಯಾಕಿದೆ?" ಅಂತ ಅನುಮಾನ ಬಂದರೆ ಗಿಟ್ ಬ್ಲೇಮ್ ಮಾಡ್ತೀವಿ. ಯಾರು, ಯಾವ ಬಗ್‌ಗೋಸ್ಕರ ಆ ಸಾಲು ಬರೆದರು ಅಂತ ಗೊತ್ತಾಗುತ್ತೆ. ಫಾರ್ಮ್ಯಾಟರ್ ಓಡಿಸಿದ ಮರುದಿನ ಸಾವಿರಾರು ಸಾಲುಗಳ ಎದುರು ಒಂದೇ ಉತ್ತರ: "ಬ್ಲ್ಯಾಕ್‌ನಿಂದ ಫಾರ್ಮ್ಯಾಟ್ ಮಾಡಲಾಗಿದೆ". ಹದಿನೇಳು ವರ್ಷದ ನೆನಪಿನ ಮೇಲೆ ಸುಣ್ಣ ಬಳಿದ ಹಾಗೆ.

ಇದಕ್ಕೆ ಮದ್ದು 2019ರ ಗಿಟ್ 2.23ರಲ್ಲಿ ಬಂತು. ಬ್ಲೇಮ್ ಮಾಡುವಾಗ ಯಾವ ಕಮಿಟ್‌ಗಳನ್ನು ಲೆಕ್ಕಕ್ಕೆ ತಗೋಬಾರದು ಅಂತ ಒಂದು ಫೈಲಿನಲ್ಲಿ ಬರೆದಿಡಬಹುದು. ರೂಢಿಯ ಹೆಸರು ಗಿಟ್-ಬ್ಲೇಮ್-ಇಗ್ನೋರ್-ರೆವ್ಸ್, ಮುಂದೆ ಒಂದು ಚುಕ್ಕಿ. ಆ ಹೆಸರಿದ್ದರೆ ಗಿಟ್‌ಹಬ್ ತಾನೇ ಓದಿಕೊಳ್ಳುತ್ತೆ; ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಒಂದು ಸಲ ಕಾನ್ಫಿಗ್ ಮಾಡಬೇಕು. ಷರತ್ತು ಒಂದೇ: ಫಾರ್ಮ್ಯಾಟ್ ಕಮಿಟ್‌ನಲ್ಲಿ ಬೇರೆ ಏನೂ ಇರಬಾರದು. "ಹೇಗೂ ಇಷ್ಟೆಲ್ಲ ಬದಲಾಗ್ತಿದೆ, ಈ ಸಣ್ಣ ಬಗ್ಗೂ ಇದರಲ್ಲೇ ಹೋಗ್ಲಿ" ಅಂದರೆ ಆ ಬದಲಾವಣೆಯೂ ಬ್ಲೇಮ್‌ನಲ್ಲಿ ಕಾಣೆಯಾಗುತ್ತೆ. ಇನ್ನೊಂದು ವಿಷಯ, ಮರ್ಜ್ ಮಾಡುವಾಗ ಸ್ಕ್ವಾಶ್ ಅಥವಾ ರೀಬೇಸ್ ಆದರೆ ಹ್ಯಾಶ್ ಬದಲಾಗುತ್ತೆ. ಹಾಗಾಗಿ ಮೇನ್ ಬ್ರಾಂಚಿಗೆ ಸೇರಿದ ಮೇಲೆ ಸಿಗೋ ನಲವತ್ತು ಅಕ್ಷರದ ಪೂರ್ತಿ ಹ್ಯಾಶನ್ನು ಎರಡನೇ ಕಮಿಟ್‌ನಲ್ಲಿ ಬರೆಯಿರಿ.

ಆ ಹೊತ್ತಿಗೆ ತೆರೆದಿದ್ದ ಪುಲ್ ರಿಕ್ವೆಸ್ಟ್‌ಗಳ ಗತಿ? ಕಾನ್ಫ್ಲಿಕ್ಟ್ ಬಂದೇ ಬರುತ್ತೆ, ಹೆದರಬೇಡಿ. ಮೊದಲು ನಿಮ್ಮ ಬ್ರಾಂಚಿಗೆ ಫಾರ್ಮ್ಯಾಟ್ ಕಮಿಟ್‌ನ ಹಿಂದಿನ ಕಮಿಟ್‌ವರೆಗೆ ಮಾತ್ರ ಮರ್ಜ್ ಮಾಡಿ. ಆಮೇಲೆ ಅದೇ ವರ್ಷನ್ನಿನ ಬ್ಲ್ಯಾಕ್ ಓಡಿಸಿ ಕಮಿಟ್ ಮಾಡಿ. ಕೊನೆಗೆ ಫಾರ್ಮ್ಯಾಟ್ ಕಮಿಟ್ ಮರ್ಜ್ ಮಾಡುವಾಗ ಕಾನ್ಫ್ಲಿಕ್ಟ್ ಇರೋ ಕಡೆಯೆಲ್ಲ ನಿಮ್ಮ ಕೋಡನ್ನೇ ಉಳಿಸಿಕೊಳ್ಳಿ. ಎರಡೂ ಕಡೆ ಫಾರ್ಮ್ಯಾಟ್ ಒಂದೇ, ವ್ಯತ್ಯಾಸ ನಿಮ್ಮ ಬದಲಾವಣೆ ಮಾತ್ರ.

ಆಮೇಲಿನ ಕೆಲಸ ಯಂತ್ರದ್ದು. ಪ್ರಿ-ಕಮಿಟ್ ಹುಕ್ ನಿಮ್ಮ ಕಡೆ ಫಾರ್ಮ್ಯಾಟ್ ಮಾಡುತ್ತೆ, ಸಿಐ ಅಲ್ಲಿ ಪರೀಕ್ಷೆ ಮಾಡುತ್ತೆ. ನಾಲ್ಕು ಜನರ ಮಿನಿ ಪ್ರಾಜೆಕ್ಟ್‌ಗೂ ಇದು ಅತಿ ಅಲ್ಲ, ಮೊದಲ ದಿನವೇ ಹಾಕಿದರೆ ಮೇಲಿನ ಯಾವ ಗೋಳೂ ಇಲ್ಲ. ಆದರೆ ಎಲ್ಲರೂ ಬ್ಲ್ಯಾಕ್‌ನ ಒಂದೇ ವರ್ಷನ್ ಇಟ್ಟುಕೊಳ್ಳಿ. ಅದರ ಸ್ಟೈಲ್ ವರ್ಷಕ್ಕೊಮ್ಮೆ ಜನವರಿಯಲ್ಲಿ ಬದಲಾಗಬಹುದು. ಒಬ್ಬರ ಹತ್ತಿರ ಹಳೆಯದು, ಇನ್ನೊಬ್ಬರ ಹತ್ತಿರ ಹೊಸದು ಇದ್ದರೆ ಒಂದೇ ಫೈಲ್ ದಿನಾ ಅತ್ತಿಂದಿತ್ತ ಓಡಾಡ್ತಿರುತ್ತೆ.