ತತ್ತಿಯ ಜೀವಸತ್ವ ಮತ್ತು ಋತುಮಾನ

ಬಮ್ಮಿಗಟ್ಟಿ ಸುತ್ತಿನ ನಮ್ಮ ಸದಸ್ಯರಲ್ಲಿ ಅನೇಕರು ತೋಟದ ಜೊತೆಗೆ ನಾಲ್ಕಾರು ಜವಾರಿ ಕೋಳಿಗಳನ್ನೂ ಸಾಕಿಕೊಂಡಿದ್ದಾರೆ. ಜವಾರಿ ತತ್ತಿಯಲ್ಲಿ ಸತ್ವ ಹೆಚ್ಚೆಂದು ಗಿರಾಕಿಗಳು ಹೆಚ್ಚಿನ ದರ ಕೊಟ್ಟು ಒಯ್ಯುತ್ತಾರೆ. ಮನೆಯ ಮಕ್ಕಳಿಗೂ ನಾವು ಅದನ್ನೇ ಕೊಡುತ್ತೇವೆ. ಆ ಸತ್ವ ವರ್ಷವಿಡೀ ಒಂದೇ ಸಮ ಇರುತ್ತದೆಯೇ ಎಂಬುದನ್ನು ಸ್ವಲ್ಪ ವಿಚಾರ ಮಾಡೋಣ.

50 ಗ್ರಾಂ ತೂಕದ ಸಾಮಾನ್ಯ ತತ್ತಿಯಲ್ಲಿ ಸುಮಾರು 80 ಮೈಕ್ರೊಗ್ರಾಂ ‘ಎ’ ಜೀವಸತ್ವವೂ ಸುಮಾರು 1 ಮೈಕ್ರೊಗ್ರಾಂ ‘ಡಿ’ ಜೀವಸತ್ವವೂ ಇರುತ್ತವೆ. ಎರಡೂ ಹಳದಿ ಭಾಗದಲ್ಲಿಯೇ. ‘ಸಿ’ ಮಾತ್ರ ತತ್ತಿಯಲ್ಲಿ ಇಲ್ಲವೇ ಇಲ್ಲ.

ಹಸಿರು ಸೊಪ್ಪಿನಲ್ಲಿರುವ ಕ್ಯಾರೋಟಿನ್ ಎಂಬ ವಸ್ತುವಿನಿಂದ ಕೋಳಿ ‘ಎ’ ಜೀವಸತ್ವವನ್ನು ತಯಾರಿಸಿಕೊಳ್ಳುತ್ತದೆ. ಮಳೆ ಬಿದ್ದು ಹುಲ್ಲು ಚಿಗುರಿದಂದಿನಿಂದ ಕಾರ್ತಿಕದವರೆಗೆ ಅದಕ್ಕೆ ಕೊರತೆಯಿಲ್ಲ. ಫಾಲ್ಗುಣದಿಂದ ವೈಶಾಖದವರೆಗೆ ಹೊಲ, ಬದು ಎಲ್ಲ ಒಣಗಿ, ಕೋಳಿಗೆ ಬಿಳಿಜೋಳವೇ ಗತಿ. ಅದರಲ್ಲಿ ಕ್ಯಾರೋಟಿನ್ ಬಹಳ ಕಡಿಮೆ. ಕೋಳಿಯ ಯಕೃತ್ತಿನಲ್ಲಿ ಸ್ವಲ್ಪ ದಾಸ್ತಾನು ಇರುವುದರಿಂದ ಕೊರತೆ ಒಮ್ಮೆಲೇ ತೋರದೆ, ವಾರಗಳು ಕಳೆದಂತೆ ತತ್ತಿಗೆ ತಟ್ಟುತ್ತದೆ.

‘ಡಿ’ಯ ದಾರಿಯೇ ಬೇರೆ. ಬಿಸಿಲು ಬಿದ್ದಾಗ ಕೋಳಿಯ ಚರ್ಮದಲ್ಲಿ, ಅದರಲ್ಲೂ ಪುಕ್ಕವಿಲ್ಲದ ಕಾಲಿನ ಚರ್ಮದಲ್ಲಿ, ಅದು ಹುಟ್ಟುತ್ತದೆ. ಜರ್ಮನಿಯ ಹಾಲೆ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬಯಲಿಗೆ ಬಿಟ್ಟ ಕೋಳಿಗಳ ತತ್ತಿಯ ಹಳದಿಯಲ್ಲಿ ಒಳಗೇ ಕೂಡಿದ ಕೋಳಿಗಳದಕ್ಕಿಂತ ಮೂರುನಾಲ್ಕು ಪಟ್ಟು ‘ಡಿ’ ಕಂಡುಬಂತು. ಶೀತ ದೇಶಗಳಲ್ಲಿ ಚಳಿಗಾಲದ ತತ್ತಿಗೆ ಇದರ ಕೊರತೆ. ನಮ್ಮಲ್ಲಿ ಚಳಿಗಾಲದಲ್ಲೂ ಬಿಸಿಲಿಗೆ ಬರವಿಲ್ಲ. ಯೋಚಿಸಬೇಕಾದದ್ದು ಆಷಾಢ, ಶ್ರಾವಣದ ಮೋಡವನ್ನೂ ತೋಟದ ನೆರಳನ್ನೂ. ದಟ್ಟ ಅಡಿಕೆ, ಕಾಫಿ ನೆರಳಿನಲ್ಲೇ ದಿನವಿಡೀ ಕೆದರುವ ಕೋಳಿ ಹೊರಗೆ ತಿರುಗುತ್ತದೆ ನಿಜ, ಆದರೆ ಬಿಸಿಲನ್ನು ಕಾಣುವುದು ಕಡಿಮೆ.

ಹೀಗಾಗಿ ಮಳೆಗಾಲ ‘ಎ’ಯನ್ನು ಕೊಟ್ಟು ‘ಡಿ’ಯನ್ನು ಕಸಿಯುವ ಕಾಲ, ಬೇಸಿಗೆ ಅದಕ್ಕೆ ತಿರುವುಮುರುವು.

ಹಳದಿ ಕೆಂಪಗಿದ್ದರೆ ಸತ್ವ ಹೆಚ್ಚೆಂದು ಗಿರಾಕಿ ನಂಬುತ್ತಾನೆ. ಚೆಂಡುಹೂವಿನ ಎಸಳು ತಿನ್ನಿಸಿದರೂ ಆ ಬಣ್ಣ ಬರುತ್ತದೆ! ಅದು ಲ್ಯೂಟೀನಿನ ಬಣ್ಣ. ಕಣ್ಣಿಗೆ ಒಳ್ಳೆಯದೇ, ಆದರೆ ‘ಎ’ ಜೀವಸತ್ವವಾಗಿ ಮಾರ್ಪಡುವುದಿಲ್ಲ.

ಬೇಸಿಗೆಯಲ್ಲಿ ನೀರಿರುವ ತೋಟದಂಚಿನ ನುಗ್ಗೆ ಸೊಪ್ಪನ್ನೋ ಕುದುರೆಮೆಂತೆಯನ್ನೋ ಹೆಚ್ಚಿ ದಿನಾಲು ಹಾಕಬೇಕು. ಜೋಳದಲ್ಲಿ ಒಂದು ಪಾಲು ತೆಗೆದು ಹಳದಿ ಗೋವಿನಜೋಳ ಬೆರೆಸುವುದು ಲೇಸು. ನುಗ್ಗೆ ಸೊಪ್ಪನ್ನು ಒಣಗಿಸಿ ಇಡುವವರು ನೆರಳಿನಲ್ಲೇ ಒಣಗಿಸಲಿ, ಬಿಸಿಲಿಗೆ ಕ್ಯಾರೋಟಿನ್ ಹಾಳಾಗುತ್ತದೆ. ಮಳೆಗಾಲದಲ್ಲಿ ಹೊಳವು ಸಿಕ್ಕಾಗ, ವಿಶೇಷವಾಗಿ ನಡುಹಗಲಿನಲ್ಲಿ, ಕೋಳಿಗಳನ್ನು ತೋಟದಿಂದ ಬಯಲಿಗೆ ಅಟ್ಟಬೇಕು. ಗೂಡಿನಲ್ಲೇ ಕೂಡಿಡುವವರು ಪಶುವೈದ್ಯರನ್ನು ಕೇಳಿ ‘ಡಿ’ ಇರುವ ಮಿಶ್ರಣವನ್ನು ಆಹಾರದಲ್ಲಿ ಬೆರೆಸಬಹುದು.

ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದೂ ಇದೇ ಮಳೆಗಾಲದಲ್ಲಿ. ಹೊಡೆದ ಮರಗಳ ಬುಡದ ಹುಲ್ಲು, ಸೊಪ್ಪಿನ ಮೇಲೆ ಮೈಲುತುತ್ತದ ಅಂಶ ಬಿದ್ದಿರುತ್ತದೆ. ಅದನ್ನು ಕೊಯ್ದು ಕೋಳಿಗೆ ಹಾಕಬಾರದು. ಆ ದಿನಗಳಲ್ಲಿ ಕೋಳಿಗಳನ್ನೂ ಅಲ್ಲಿಗೆ ಬಿಡಬಾರದು.