ಗರ್ಭಿಣಿಯ ಮದ್ಯಸೇವನೆ ಮತ್ತು ಮಗುವಿನ ಬುದ್ಧಿವಿಕಾಸ

ಕಳೆದ ಮಳೆಗಾಲದಲ್ಲಿ ಶಿಗ್ಗಾಂವಿ ಕಡೆಯ ತಾಯಿಯೊಬ್ಬರು ಐದು ತಿಂಗಳ ಬಸುರಿ ಸೊಸೆಯನ್ನು ನಮ್ಮಲ್ಲಿಗೆ ಕರೆತಂದಿದ್ದರು. ಮಗಳ ಬಾಣಂತನದಲ್ಲಿ ಉಳಿದಿದ್ದ ದಶಮೂಲಾರಿಷ್ಟವನ್ನು ಸೊಸೆಯ ಸುಸ್ತಿಗೆಂದು ದಿನವೂ ಕೊಡುತ್ತಿದ್ದರಂತೆ. ನಿಲ್ಲಿಸಿರೆಂದಾಗ, “ಇದೂ ನಿಮ್ಮ ಆಯುರ್ವೇದದ ಔಷಧನ ಅಲ್ಲೇನ್ರಿ?” ಎಂದರು. ಬಾಟಲಿಯ ಮೇಲಿನ ಚೀಟಿಯನ್ನು ಓದಿ ತೋರಿಸಿದೆವು. ಆಸವ, ಅರಿಷ್ಟಗಳು ಹುದುಗುವಾಗ ಅವುಗಳಲ್ಲಿ ತಾನಾಗಿಯೇ ಮದ್ಯಸಾರ ಹುಟ್ಟುತ್ತದೆ; ಸಾಮಾನ್ಯವಾಗಿ ಶೇ. 5ರಿಂದ 10ರಷ್ಟು. ಬಾಣಂತಿಗೆ ಹಿತವಾದುದೆಲ್ಲ ಬಸುರಿಗೆ ಹಿತವಲ್ಲ.

ನಮ್ಮ ಭಾಗದ ಹೆಣ್ಣುಮಕ್ಕಳು ಕುಡಿಯುವುದಿಲ್ಲವೆಂದು ಹೇಳಿಕೊಳ್ಳುವುದುಂಟು. ಆದರೆ ಹಾನಗಲ್ಲ, ಸವಣೂರ, ಹಿರೇಕೆರೂರ ತಾಲೂಕುಗಳಿಂದ ಬರುವವರಲ್ಲಿ, ಕೂಲಿ ಮುಗಿಸಿ ಮೈಕೈ ನೋವಿಗೆಂದು ಕುಡಿಯುವ ತಾಯಂದಿರನ್ನೂ ಥಂಡಿಗೆಂದು ಬ್ರಾಂದಿ ಕೊಡುವ ಹಿರಿಯರನ್ನೂ ನಾವು ಕಂಡಿದ್ದೇವೆ. 2007ರ ಜುಲೈಯಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ.

ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯವು, ನಿತ್ಯ ಮದ್ಯ ಸೇವಿಸುವ ಗರ್ಭಿಣಿಯ ಮಗುವಿಗೆ ನೆನಪು ಕಡಿಮೆ, ಚಿತ್ತ ಚಂಚಲವೆಂದು ಹೇಳುತ್ತದೆ. 1973ರಲ್ಲಿ ಅಮೆರಿಕದ ಸಿಯಾಟಲ್ ನಗರದ ವೈದ್ಯರಾದ ಜೋನ್ಸ್ ಮತ್ತು ಸ್ಮಿತ್ ಇಂಥ ಮಕ್ಕಳ ಲಕ್ಷಣಗಳನ್ನು ಗುರುತಿಸಿ ಅದಕ್ಕೊಂದು ರೋಗದ ಹೆಸರನ್ನಿಟ್ಟರು. ತಾಯಿಯ ರಕ್ತದಲ್ಲಿನ ಮದ್ಯಸಾರವು ಮಾಸನ್ನು ದಾಟಿ ಶಿಶುವನ್ನು ಸೇರುತ್ತದೆ. ಅದನ್ನು ಕರಗಿಸುವಷ್ಟು ಶಿಶುವಿನ ಯಕೃತ್ತು ಬಲಿತಿರುವುದಿಲ್ಲ. ಮೊದಲ ವಾರಗಳಲ್ಲಿ ಮುಖದ ರಚನೆ ಕೆಡಬಹುದು: ಕಿರಿದಾದ ಕಣ್ಣು, ತೆಳುವಾದ ಮೇಲ್ದುಟಿ, ಮೂಗಿನ ಕೆಳಗಿನ ಗೆರೆ ಅಳಿಸಿದಂತಿರುವುದು. ಮಿದುಳಾದರೋ ಒಂಬತ್ತೂ ತಿಂಗಳು ಬೆಳೆಯುವುದರಿಂದ ಅದಕ್ಕೆ ಯಾವ ತಿಂಗಳಲ್ಲಾದರೂ ಪೆಟ್ಟು ಬೀಳಬಹುದು. ಮುಖ ಚೆನ್ನಾಗಿದ್ದೂ ಲೆಕ್ಕ ಹತ್ತದ, ಹೇಳಿದ್ದನ್ನು ಮರೆಯುವ, ಒಂದೆಡೆ ಕೂಡದ ಮಕ್ಕಳು ಶಾಲೆಯಲ್ಲಿ ‘ದಡ್ಡ’, ‘ತುಂಟ’ ಎನ್ನಿಸಿಕೊಂಡು ಏಟು ತಿನ್ನುತ್ತಾರೆ. ಇಂಥ ಲಕ್ಷಣಗಳಿಗೆ ಬೇರೆ ಕಾರಣಗಳೂ ಉಂಟು. ಆದ್ದರಿಂದ ಯಾವ ತಾಯಿಯನ್ನೂ ಒಮ್ಮೆಲೇ ಶಂಕಿಸಬಾರದು. ಈ ಹಾನಿಯನ್ನು ಅಳಿಸುವ ಔಷಧ ನಮ್ಮ ಪದ್ಧತಿಯಲ್ಲಿಯೂ ಇಲ್ಲ, ಅಲೋಪಥಿಯಲ್ಲಿಯೂ ಇಲ್ಲ. ಬೇಗನೆ ಗುರುತಿಸಿ, ತಾಳ್ಮೆಯಿಂದ ಕಲಿಸಿದರೆ ಮಗು ಎಷ್ಟೋ ಸುಧಾರಿಸುತ್ತದೆ.

ಗರ್ಭಿಣಿಗೆ ಇಷ್ಟು ಮದ್ಯ ನಿರಪಾಯವೆಂಬ ಅಳತೆಯಿಲ್ಲ. ಬಸುರಿಯೆಂದು ತಿಳಿಯುವ ಮೊದಲು ಕುಡಿದವರು ಎದೆಗುಂದದೆ ಅಂದೇ ಬಿಡಲಿ. ಯಾವ ತಿಂಗಳಲ್ಲಿ ಬಿಟ್ಟರೂ ಲಾಭವೇ. ಆದರೆ ನಿತ್ಯವೂ ಬಹಳ ಕುಡಿಯುವವರು ಥಟ್ಟನೆ ಬಿಟ್ಟರೆ ಕೈನಡುಕ, ಸೆಳವು ಬರಬಹುದಾದ ಕಾರಣ, ಅಂಥವರು ವೈದ್ಯರ ನೆರವಿನಿಂದಲೇ ಬಿಡಬೇಕು. ತಾಯಿ ಕಾರ್ಡ್ ಹಿಡಿದು ತಪಾಸಣೆಗೆ ಹೋದಾಗ ಕುಡಿತದ ವಿಷಯವನ್ನೂ, ಮನೆಯಲ್ಲಿ ಕೊಡುತ್ತಿರುವ ಅರಿಷ್ಟದ ವಿಷಯವನ್ನೂ ಮುಚ್ಚಿಡದೆ ಹೇಳಿರಿ.