ಗುಜರಿ ಮೌಲ್ಯ: ಕಾರ್ಖಾನೆಯ ಹಳೆಯ ಟೂಲ್ ಬೀರು ಕಲಿಸುವ ಲೆಕ್ಕ



ಪ್ರಥಮ ಪಿಯುಸಿ ಲೆಕ್ಕಶಾಸ್ತ್ರದ ಸವಕಳಿ ಪಾಠದಲ್ಲಿ ‘ಗುಜರಿ ಮೌಲ್ಯ’ ಎಂಬ ಪದ ಬರುತ್ತದೆ. ಒಂದು ಸ್ಥಿರ ಆಸ್ತಿಯ ಆಯುಷ್ಯ ಮುಗಿದ ಮೇಲೆ ಅದನ್ನು ಮಾರಿದರೆ ಬರಬಹುದಾದ ಹಣ ಎಂದು ನಾವು ಬರೆದುಕೊಳ್ಳುತ್ತೇವೆ. ಲೆಕ್ಕದಲ್ಲಿ ಆ ಅಂಕಿಯನ್ನು ಕೊಟ್ಟಿರುತ್ತಾರೆ, ನಾವು ಕಳೆಯುತ್ತೇವೆ, ಭಾಗಿಸುತ್ತೇವೆ, ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಆದರೆ ಆ ಅಂಕಿಯನ್ನು ನಿಜವಾಗಿ ಯಾರು ನಿಶ್ಚಯಿಸುತ್ತಾರೆ? ಆಯುಷ್ಯ ಮುಗಿಯಿತು ಎಂದು ಪುಸ್ತಕ ಹೇಳಿದ ಮೇಲೆ ವಸ್ತುವಿಗೆ ಏನಾಗುತ್ತದೆ? ಇದನ್ನು ತಿಳಿಯಲು ಕಾರ್ಖಾನೆ ಮತ್ತು ಮಿಲಿಟರಿ ವರ್ಕ್‌ಶಾಪ್‌ಗಳ ಹಳೆಯ ಟೂಲ್ ಬೀರುಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ನನ್ನ ಮಾಮು ಹಳೆ ಕಬ್ಬಿಣದ ವ್ಯಾಪಾರದಲ್ಲಿದ್ದಾರೆ. ಅವರಿಂದ ಕಲಿತದ್ದನ್ನು ನಮ್ಮ ಪಾಠದ ಜೊತೆ ಸೇರಿಸಿ ಇಲ್ಲಿ ಬರೆದಿದ್ದೇನೆ.

ಇಂಥ ಬೀರುಗಳು ಎಲ್ಲಿಂದ ಬಂದವು?

ಬೆಂಗಳೂರು ಕಾರ್ಖಾನೆಗಳ ಊರಾಗಿ ಬೆಳೆದದ್ದು ಸುಮಾರು ಇಪ್ಪತ್ತು ವರ್ಷಗಳಲ್ಲಿ. 1940ರಲ್ಲಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸಹಕಾರದಿಂದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಆರಂಭಿಸಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ, 1943ರಿಂದ, ಅದು ಅಮೆರಿಕದ ಸೇನಾ ವಾಯುಪಡೆಯ ವಿಮಾನಗಳನ್ನು ರಿಪೇರಿ ಮಾಡುವ ದೊಡ್ಡ ಕೇಂದ್ರವಾಗಿತ್ತು. ಸ್ವಾತಂತ್ರ್ಯದ ನಂತರ 1948ರಲ್ಲಿ ಐ.ಟಿ.ಐ., 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಬಂದವು. 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಎಚ್.ಎಂ.ಟಿ. ಗಡಿಯಾರ ಕಾರ್ಖಾನೆ ಶುರುವಾಯಿತು. ಹಲಸೂರಿನಲ್ಲಿ ಸೈನ್ಯದ್ದೇ ಆದ 515 ಆರ್ಮಿ ಬೇಸ್ ವರ್ಕ್‌ಶಾಪ್ ಇದೆ.

ಇಂಥ ಕಾರ್ಖಾನೆಗಳಲ್ಲಿ ಸಾವಿರಾರು ಡ್ರಿಲ್, ಟ್ಯಾಪ್, ರೀಮರ್, ಗೇಜ್, ಸ್ಪ್ಯಾನರ್ ಇರುತ್ತವೆ. ಅವು ಕಲೆತುಹೋದರೆ ಅಥವಾ ಬಾಯಿ ಮೊಂಡಾದರೆ ಕೆಲಸ ನಿಂತಂತೆ. ಆದ್ದರಿಂದ ಪ್ರತಿ ವಿಭಾಗದಲ್ಲೂ ಟೂಲ್ ಸ್ಟೋರ್, ಅಲ್ಲಿ ದಪ್ಪ ತಗಡಿನ ಬೀರು, ಬೀರಿನಲ್ಲಿ ಹತ್ತಿಪ್ಪತ್ತು ಖಾನೆಗಳು. ಒಂದೊಂದು ಖಾನೆಯಲ್ಲಿ ಇಪ್ಪತ್ತು ಮೂವತ್ತು ಕಿಲೋ ಕಬ್ಬಿಣ ಇಟ್ಟರೂ ಬೆರಳಲ್ಲಿ ಎಳೆದರೆ ಹೊರಬರಬೇಕು. ಮನೆಯ ಬಟ್ಟೆ ಬೀರುವಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ.

ಒಂದು ಸಣ್ಣ ಮಾತು. ನಮ್ಮ ಮನೆಯಲ್ಲಿ ಉರ್ದುವಿನಲ್ಲಿ ‘ಖಾನಾ’ ಎನ್ನುವುದನ್ನೇ ಕನ್ನಡದಲ್ಲಿ ‘ಖಾನೆ’ ಎನ್ನುತ್ತೇವೆ. ‘ಕಾರ್ಖಾನೆ’ಯಲ್ಲಿ ಇರುವುದೂ ಅದೇ ಪದ: ಕೆಲಸದ ಮನೆ. ‘ಹರಾಜು’ ಕೂಡ ಅರಬಿ ಮೂಲದ್ದು. ವ್ಯಾಪಾರ ನಡೆದ ಕಡೆ ಪದಗಳೂ ಕೈ ಬದಲಾಯಿಸುತ್ತವೆ.

ಪುಸ್ತಕದ ಆಯುಷ್ಯ, ತಗಡಿನ ಆಯುಷ್ಯ

ಲೆಕ್ಕಕ್ಕಾಗಿ ಹೀಗೆ ಊಹಿಸೋಣ. ಒಂದು ಟೂಲ್ ಬೀರುವಿನ ಬೆಲೆ 12,000 ರೂ., ಆಯುಷ್ಯ 10 ವರ್ಷ, ಗುಜರಿ ಮೌಲ್ಯ 2,000 ರೂ. ಸ್ಥಿರ ಕಂತಿನ ಪದ್ಧತಿಯಲ್ಲಿ ವರ್ಷದ ಸವಕಳಿ 1,000 ರೂ. ಹತ್ತು ವರ್ಷದ ಕೊನೆಗೆ ಪುಸ್ತಕದಲ್ಲಿ ಉಳಿಯುವುದು 2,000 ರೂ. ಆದರೆ ಬೀರು ಹನ್ನೊಂದನೇ ವರ್ಷವೂ ಅಲ್ಲೇ ನಿಂತಿರುತ್ತದೆ, ನಲವತ್ತನೇ ವರ್ಷವೂ ನಿಂತಿರುತ್ತದೆ. ಸವಕಳಿ ಎಂಬುದು ವೆಚ್ಚವನ್ನು ವರ್ಷಗಳಿಗೆ ಹಂಚುವ ವಿಧಾನ. ವಸ್ತು ಎಷ್ಟು ಸವೆದಿದೆ ಎಂದು ಅದು ಅಳೆಯುವುದಿಲ್ಲ. ಪರೀಕ್ಷೆಯಲ್ಲಿ ನಾವು ಈ ಎರಡನ್ನೂ ಒಂದೇ ಎಂದು ತಿಳಿದುಬಿಡುತ್ತೇವೆ.

ಈಗ ಕಾರ್ಖಾನೆ ಮುಚ್ಚಿತು ಎಂದುಕೊಳ್ಳಿ. ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಕೋಲಾರದ ಚಿನ್ನದ ಗಣಿ 2001ರಲ್ಲಿ ನಿಂತಿತು. ಇಂಥ ಸಂದರ್ಭದಲ್ಲಿ ದೊಡ್ಡ ಯಂತ್ರಗಳ ಬಗ್ಗೆ ಎಲ್ಲರೂ ಯೋಚಿಸುತ್ತಾರೆ. ಬೀರು, ಬೆಂಚು, ರ್‍ಯಾಕು ಇವೆಲ್ಲ ‘ಇತರೆ ಕಬ್ಬಿಣ’ ಎಂಬ ಒಂದೇ ಸಾಲಿಗೆ ಸೇರುತ್ತವೆ.

ಮಾಲು ನಡೆದು ಬರುವ ದಾರಿ

ಸರ್ಕಾರಿ ಕಾರ್ಖಾನೆಗಳ ಬೇಡವಾದ ಮಾಲು ಹೆಚ್ಚಾಗಿ ಇ-ಹರಾಜಿನಲ್ಲಿ ಹೋಗುತ್ತದೆ. ಇದನ್ನು ನಡೆಸುವ ಮುಖ್ಯ ಸಂಸ್ಥೆ 1964ರಲ್ಲಿ ಶುರುವಾದ, ಉಕ್ಕು ಸಚಿವಾಲಯದ ಕೆಳಗಿರುವ ಎಂ.ಎಸ್.ಟಿ.ಸಿ. ಖರೀದಿದಾರರು ಮೊದಲೇ ನೋಂದಣಿ ಮಾಡಿಕೊಂಡು ಮುಂಗಡ ಠೇವಣಿ ಕಟ್ಟಬೇಕು. ಮಾಲು ‘ಇದ್ದ ಜಾಗದಲ್ಲಿ, ಇದ್ದ ಸ್ಥಿತಿಯಲ್ಲಿ’ ಮಾರಾಟ. ಒಂದು ಲಾಟು ಎಂದರೆ ಟನ್‌ಗಟ್ಟಲೆ. ಒಂದೇ ಬೀರು ಬೇಕಾದವನು ಅಲ್ಲಿಗೆ ಹೋಗಲಾರ.

ಹಾಗಾಗಿ ದಾರಿ ಹೀಗಿದೆ: ಕಾರ್ಖಾನೆಯಿಂದ ಗುತ್ತಿಗೆದಾರ, ಗುತ್ತಿಗೆದಾರನಿಂದ ದೊಡ್ಡ ಯಾರ್ಡು, ಯಾರ್ಡಿನಿಂದ ಸಣ್ಣ ಗುಜರಿ ಅಂಗಡಿ ಅಥವಾ ನೇರ ಗ್ಯಾಸ್ ಕಟ್ಟಿಂಗ್. ಬೀರು ಲಾರಿಯಲ್ಲಿ ತುಂಬ ಜಾಗ ತಿನ್ನುತ್ತದೆ, ತೂಕ ಕಡಿಮೆ. ಆದ್ದರಿಂದ ಅದನ್ನು ಮೊದಲು ಕತ್ತರಿಸಿ ಚಪ್ಪಟೆ ಮಾಡುತ್ತಾರೆ. ಉಳಿಸಬೇಕೆನ್ನುವವರಿಗೆ ಇರುವ ಸಮಯ ಯಾರ್ಡಿಗೆ ಬಂದ ದಿನದಿಂದ ಗ್ಯಾಸ್ ಕಟ್ಟರ್ ಹಚ್ಚುವವರೆಗೆ ಮಾತ್ರ. ಕೆಲವೊಮ್ಮೆ ಅದು ಎರಡೇ ದಿನ. ಅಂಗಡಿಯವರಿಗೆ ಮೊದಲೇ ಹೇಳಿಟ್ಟು, ನಂಬರು ಕೊಟ್ಟು, ಆಗಾಗ ಹೋಗಿ ಸಲಾಂ ಹೇಳಿ ಬರುವವನಿಗೆ ಮಾಲು ಸಿಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಬಿಲ್ಲು ಅಥವಾ ಹರಾಜಿನ ಬಿಡುಗಡೆ ಕಾಗದ ಇಲ್ಲದ ಮಾಲು ಅಗ್ಗಕ್ಕೆ ಬಂದರೂ ಮುಟ್ಟಬಾರದು. ಕದ್ದ ಮಾಲೆಂದು ಗೊತ್ತಿದ್ದು, ಅಥವಾ ಹಾಗೆ ನಂಬಲು ಕಾರಣವಿದ್ದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಪ್ರಕಾರ ಅಪರಾಧ. ರೈಲ್ವೆ ಸ್ವತ್ತಿಗೆ 1966ರಿಂದ ಬೇರೆಯೇ ಕಾನೂನು ಇದೆ. ಗುಜರಿ ವ್ಯಾಪಾರಕ್ಕೆ ಕೆಟ್ಟ ಹೆಸರು ತರುವುದು ಕಾಗದವಿಲ್ಲದ ಮಾಲು. ಬಹುಪಾಲು ಅಂಗಡಿಗಳು ಬೆಳಗಿನಿಂದ ರಾತ್ರಿವರೆಗೆ ಬೆವರು ಸುರಿಸಿ ನಡೆಯುವಂಥವು. ನಮ್ಮ ಕಾಲೇಜಿನ ಎಷ್ಟೋ ವಿದ್ಯಾರ್ಥಿಗಳ ಫೀಸು ಅಲ್ಲಿಂದಲೇ ಬರುತ್ತದೆ.

ನೋಡಿ ಕೊಳ್ಳುವುದು ಹೇಗೆ?

“ತೂಗುವ ಮುಂಚೆ ತೆಗೆದು ನೋಡು ಬೇಟಾ” ಎಂದು ಮಾಮು ಹೇಳುತ್ತಾರೆ. ಅವರು ನೋಡುವ ಕ್ರಮ ಇದು:

1. ಬುಡ. ನೆಲ ತೊಳೆದ ನೀರು ಮೊದಲು ತಿನ್ನುವುದು ಕಾಲು ಮತ್ತು ಕೆಳಗಿನ ತಗಡನ್ನು. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದರೆ ಗಟ್ಟಿ ತಗಡು ಗಣ್ ಎನ್ನುತ್ತದೆ, ತಿಂದ ತಗಡು ಮಂಕಾಗಿ ಸದ್ದು ಮಾಡುತ್ತದೆ.
2. ಅಯಸ್ಕಾಂತ. ಬಣ್ಣದ ಮೇಲೆ ಸರಿಸುತ್ತಾ ಹೋದರೆ, ತೂತಿಗೆ ಪುಟ್ಟಿ ತುಂಬಿ ಬಣ್ಣ ಹೊಡೆದ ಕಡೆ ಹಿಡಿತ ಸಡಿಲವಾಗುತ್ತದೆ.
3. ಮೂಲೆಯಿಂದ ಮೂಲೆ. ಎರಡು ಕರ್ಣಗಳನ್ನು ಟೇಪಿನಿಂದ ಅಳೆಯಬೇಕು. ಸಮ ಇಲ್ಲದಿದ್ದರೆ ಬೀರು ತಿರುಚಿದೆ, ಖಾನೆಗಳು ಸರಾಗವಾಗಿ ಓಡುವುದಿಲ್ಲ.
4. ಖಾನೆ. ಪ್ರತಿಯೊಂದನ್ನೂ ಪೂರ್ತಿ ಎಳೆದು ನೋಡಬೇಕು. ಬೇರಿಂಗ್ ಕುಳಿತಿದ್ದರೆ ಬದಲಿಸಬಹುದು, ಹಳಿಯೇ ಮುರಿದಿದ್ದರೆ ಕಷ್ಟ.
5. ಎಣ್ಣೆ ಜಿಡ್ಡು. ನೋಡಲು ಹೊಲಸು, ಆದರೆ ಒಳ್ಳೆಯ ಲಕ್ಷಣ. ಐವತ್ತು ವರ್ಷ ತುಕ್ಕು ಹತ್ತದಂತೆ ಕಾದದ್ದು ಅದೇ.
6. ಗುರುತು. ತಯಾರಕರ ಪಟ್ಟಿ, ಆಸ್ತಿ ಸಂಖ್ಯೆ, ವಿಭಾಗದ ಹೆಸರು. ಬ್ರಿಟಿಷ್ ಸೇನೆಯ ಸಾಮಾನಿನ ಮೇಲೆ ಮೂರು ಗೆರೆಯ ಬಾಣದ ಗುರುತು ಇರುತ್ತದೆ. ಇವನ್ನು ಎಂದೂ ಉಜ್ಜಿ ಅಳಿಸಬಾರದು.

ತಗಡಿನ ದಪ್ಪ ತಿಳಿಯಲು ಸರಳ ಲೆಕ್ಕವಿದೆ. ಉಕ್ಕಿನ ಸಾಂದ್ರತೆ ಒಂದು ಘನ ಸೆಂ.ಮೀ.ಗೆ 7.85 ಗ್ರಾಂ. ಅಂದರೆ 1 ಚದರ ಮೀಟರ್ ಅಗಲದ, 1.2 ಮಿ.ಮೀ. ದಪ್ಪದ ತಗಡು 9.42 ಕಿಲೋ ತೂಗುತ್ತದೆ. 0.7 ಮಿ.ಮೀ. ಆದರೆ ಸುಮಾರು 5.5 ಕಿಲೋ. 90 ಸೆಂ.ಮೀ. ಎತ್ತರ, 60 ಅಗಲ, 60 ಆಳದ ಐದು ಖಾನೆಯ ಬೀರುವಿಗೆ ಹತ್ತಿರ ಹತ್ತಿರ 5.5 ಚದರ ಮೀಟರ್ ತಗಡು ಬೇಕು. ದಪ್ಪ ತಗಡಿನದಾದರೆ 52 ಕಿಲೋ, ತೆಳು ತಗಡಿನದಾದರೆ 30 ಕಿಲೋ. ಎರಡೂ ನೋಡಲು ಒಂದೇ ಥರ, ತಕ್ಕಡಿ ಮಾತ್ರ ಸತ್ಯ ಹೇಳುತ್ತದೆ.

ಸರಿಪಡಿಸುವಾಗ

ಮೊದಲು ಖಾನೆಗಳಿಗೆ ಕ್ರಮಸಂಖ್ಯೆ ಬರೆದು ಹೊರತೆಗೆಯಬೇಕು. ಅವು ತಮ್ಮ ತಮ್ಮ ಹಳಿಗೇ ಸವೆದು ಹೊಂದಿಕೊಂಡಿರುತ್ತವೆ. ಜಿಡ್ಡನ್ನು ಬಯಲಿನಲ್ಲಿ, ಬೆಂಕಿಯಿಂದ ದೂರ, ಸೀಮೆಎಣ್ಣೆಯಿಂದ ಒರೆಸಿ, ನಂತರ ಸೋಪಿನ ನೀರಿನಲ್ಲಿ ತೊಳೆಯಬೇಕು. ಹಿಡಿಕೆ, ಕೀಲುಗಳಂಥ ಸಣ್ಣ ಭಾಗಗಳ ತುಕ್ಕಿಗೆ ಒಂದು ಲೀಟರ್ ನೀರಿಗೆ 50 ಗ್ರಾಂ ನಿಂಬೆ ಉಪ್ಪು ಹಾಕಿ ಕೆಲವು ಗಂಟೆ ನೆನೆಸಿದರೆ ಸಾಕು. ದೊಡ್ಡ ಮೈಗೆ ಅದೇ ನೀರಿನಲ್ಲಿ ಅದ್ದಿದ ಬಟ್ಟೆ ಹೊದಿಸಬಹುದು. ಆಮೇಲೆ ಚೆನ್ನಾಗಿ ತೊಳೆದು ತಕ್ಷಣ ಒಣಗಿಸಬೇಕು. ತುಕ್ಕು ತೆಗೆದ ಬರಿಯ ಉಕ್ಕಿಗೆ ಗಾಳಿಯ ತೇವದಿಂದ ಕೆಲವೇ ಗಂಟೆಗಳಲ್ಲಿ ಮತ್ತೆ ತುಕ್ಕು ಹಿಡಿಯುತ್ತದೆ. ಆದ್ದರಿಂದ ಅದೇ ದಿನ ರೆಡ್ ಆಕ್ಸೈಡ್ ಪ್ರೈಮರ್ ಹೊಡೆಯಬೇಕು. ಮಳೆಗಾಲದಲ್ಲಿ ಈ ಕೆಲಸ ಬೇಡ.

ಎಲ್ಲಕ್ಕಿಂತ ಮುಖ್ಯವಾದದ್ದು ಸುರಕ್ಷತೆ. ಹಳೆಯ ಬಣ್ಣದಲ್ಲಿ, ಅದರಲ್ಲೂ ಕೆಳಗಿನ ಕೆಂಪು ಪದರದಲ್ಲಿ, ಸೀಸ ಇರಬಹುದು. ಭಾರತದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸವನ್ನು ಹತ್ತು ಲಕ್ಷಕ್ಕೆ 90 ಭಾಗಕ್ಕೆ ಮಿತಿಗೊಳಿಸುವ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಹಳೆಯ ಬಣ್ಣವನ್ನು ಒಣಗಿದಂತೆಯೇ ಉಜ್ಜಿದರೆ ಆ ಧೂಳು ಶ್ವಾಸಕ್ಕೆ, ಬಟ್ಟೆಗೆ, ಬಟ್ಟೆಯ ಮೂಲಕ ಮನೆಯ ಮಗುವಿನ ಬಾಯಿಗೆ ಹೋಗುತ್ತದೆ. ಸೀಸ ಮಕ್ಕಳ ಮೆದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ. ಅದಕ್ಕಾಗಿ ನೀರು ಹಾಕಿಯೇ ಉಜ್ಜಬೇಕು, ಒಳ್ಳೆಯ ಮಾಸ್ಕ್ ಹಾಕಬೇಕು, ಆ ಬಟ್ಟೆಯನ್ನು ಬೇರೆಯಾಗಿ ಒಗೆಯಬೇಕು. ಗುಜರಿ ಅಂಗಡಿಯಲ್ಲಿ ಕೆಲಸ ಮಾಡುವ ಅಣ್ಣ ತಮ್ಮಂದಿರಿಗೆ ನಾವು ಈ ಒಂದು ವಿಷಯ ತಿಳಿಸಿದರೂ ಓದಿದ್ದು ಸಾರ್ಥಕ.

ಮಿಲಿಟರಿ ಮಾಲಿನಲ್ಲಿ ಇನ್ನೂ ಎರಡು ಅಪಾಯ. ಹಳೆಯ ಯುದ್ಧಕಾಲದ ಮೀಟರ್‌ಗಳ ಹೊಳೆಯುವ ಮುಳ್ಳಿಗೆ ರೇಡಿಯಂ ಬಳಿದಿರಬಹುದು. ಗಾಜು ತೆರೆಯಬಾರದು, ಕೆರೆಯಬಾರದು. ಖಾನೆಯಲ್ಲಿ ಗುಂಡು ಅಥವಾ ಶೆಲ್‌ನಂಥದ್ದು ಕಂಡರೆ, ಖಾಲಿ ಎಂದು ಯಾರು ಹೇಳಿದರೂ ಮುಟ್ಟದೆ ದೂರ ಸರಿದು ಪೊಲೀಸರಿಗೆ ತಿಳಿಸಬೇಕು. ಗುಜರಿಯಲ್ಲಿ ಇಂಥದ್ದನ್ನು ಸುತ್ತಿಗೆಯಿಂದ ಒಡೆಯಲು ಹೋಗಿ ಪ್ರಾಣ ಹೋದ ಘಟನೆಗಳು ದೇಶದಲ್ಲಿ ಆಗಿವೆ.

ಲಾಭ ಇದೆಯೇ? ಒಂದು ವೆಚ್ಚಪಟ್ಟಿ

ಇಲ್ಲಿನ ದರಗಳು ಲೆಕ್ಕಕ್ಕಾಗಿ ಊಹಿಸಿದವು. 52 ಕಿಲೋ ಬೀರುವನ್ನು ಕಾರ್ಖಾನೆ ಕಿಲೋಗೆ 30 ರೂ.ನಂತೆ ಮಾರಿದರೆ 1,560 ರೂ. ಪುಸ್ತಕ ಮೌಲ್ಯ 2,000 ಇತ್ತು. ಅಂದರೆ ಆಸ್ತಿ ಮಾರಾಟದ ಮೇಲೆ 440 ರೂ. ನಷ್ಟ. ಅದೇ ಬೀರುವನ್ನು ನಾವು ಅಂಗಡಿಯಲ್ಲಿ ಕಿಲೋಗೆ 40 ರೂ.ನಂತೆ ಕೊಂಡೆವು ಎನ್ನಿ.

- ಖರೀದಿ: 2,080 ರೂ.
- ಟೆಂಪೊ ಬಾಡಿಗೆ: 600 ರೂ.
- ಸೀಮೆಎಣ್ಣೆ, ನಿಂಬೆ ಉಪ್ಪು, ಉಜ್ಜುಕಾಗದ, ಬ್ರಶ್: 350 ರೂ.
- ಪ್ರೈಮರ್ ಮತ್ತು ಬಣ್ಣ: 900 ರೂ.
- ಬೀಗ: 250 ರೂ.
- ಬೇರಿಂಗ್: 300 ರೂ.
- ಒಟ್ಟು: 4,480 ರೂ.

ಇದನ್ನು ಒಂದು ಗ್ಯಾರೇಜಿಗೆ 8,000 ರೂ.ಗೆ ಮಾರಿದರೆ 3,520 ರೂ. ಲಾಭ ಎಂದು ಕುಣಿಯಬಹುದು. ಆದರೆ ನಾಲ್ಕು ದಿನದ ದುಡಿಮೆಗೆ ದಿನಕ್ಕೆ 500 ರೂ. ಹಿಡಿದರೆ 2,000 ಕಳೆಯಬೇಕು. ಉಳಿಯುವುದು 1,520 ರೂ. ಎರಡು ತಿಂಗಳು ಗಿರಾಕಿ ಬರದಿದ್ದರೆ ಜಾಗದ ಬಾಡಿಗೆಯೂ ಸೇರುತ್ತದೆ. ಅರ್ಥಶಾಸ್ತ್ರದಲ್ಲಿ ಓದುವ ಅವಕಾಶ ವೆಚ್ಚ ಇದೇ. ಸಣ್ಣ ವ್ಯಾಪಾರಿಗಳು ಸಾಮಾನ್ಯವಾಗಿ ತಮ್ಮ ಮತ್ತು ಮನೆಯ ಹುಡುಗರ ದುಡಿಮೆಯನ್ನು ಲೆಕ್ಕಕ್ಕೆ ಬರೆಯುವುದೇ ಇಲ್ಲ. ಹಾಗಾಗಿ ಕೈಯಲ್ಲಿ ಹಣ ಓಡಾಡಿದರೂ ವರ್ಷದ ಕೊನೆಗೆ ಏಕೆ ಉಳಿಯಲಿಲ್ಲ ಎಂಬುದು ತಿಳಿಯುವುದಿಲ್ಲ. ಈ ಪಟ್ಟಿಯನ್ನು ಮಾಮುವಿನ ಜೊತೆ ಕುಳಿತು ಬರೆದಾಗ ಅವರು ಬಹಳ ಹೊತ್ತು ಕೂಲಿಯ ಸಾಲನ್ನೇ ನೋಡುತ್ತಿದ್ದರು. ಈಗ ಅವರ ಪುಸ್ತಕದಲ್ಲಿ ಆ ಸಾಲು ಇದೆ.

ಹಣದ ಲೆಕ್ಕಕ್ಕೆ ಸಿಗದ ಮೌಲ್ಯವೂ ಇದೆ. ಅವರ ಅಂಗಡಿಗೆ ಬಂದ ಒಂದು ಬೀರುವಿನ ಖಾನೆಗಳ ಮೇಲೆ ಯಾರೋ ಕೆಲಸಗಾರರು ಬಿಳಿ ಬಣ್ಣದಲ್ಲಿ, ಸಣ್ಣ ಕುಂಚದಿಂದ, 6.0, 6.5, 7.0 ಎಂದು ಡ್ರಿಲ್ ಅಳತೆಗಳನ್ನು ಅಚ್ಚಿನಂತೆ ಬರೆದಿದ್ದರು. ಅದನ್ನು ಹಾಗೇ ಬಿಟ್ಟು ಉಳಿದ ಭಾಗಕ್ಕೆ ಬಣ್ಣ ಹೊಡೆಯಲಾಯಿತು. ಕೊಂಡ ಮೆಕ್ಯಾನಿಕ್ ಡ್ರಿಲ್‌ಗಳನ್ನು ಅದೇ ಅಳತೆಯ ಖಾನೆಯಲ್ಲಿ ಇಡುತ್ತಿದ್ದಾರೆ. ಕಾರ್ಖಾನೆಗಳ ಇಂಥ ನೆನಪು ನೋಡಬೇಕೆನ್ನುವವರು ಬೆಂಗಳೂರಿನ ಜಾಲಹಳ್ಳಿಯಲ್ಲಿರುವ ಎಚ್.ಎಂ.ಟಿ. ಹೆರಿಟೇಜ್ ಸೆಂಟರ್‌ಗೆ ಹೋಗಿ ಬರಬಹುದು.

ನೆನಪಿಡಬೇಕಾದ ಅಂಶಗಳು

- ಪುಸ್ತಕ ಮೌಲ್ಯ, ಗುಜರಿ ಮೌಲ್ಯ, ಬಳಕೆಯ ಮೌಲ್ಯ ಮೂರೂ ಬೇರೆ ಬೇರೆ.
- ಕಾಗದ ಇಲ್ಲದ ಮಾಲು ಎಷ್ಟು ಅಗ್ಗವಾದರೂ ದುಬಾರಿ.
- ಹಳೆಯ ಬಣ್ಣವನ್ನು ಒಣದಾಗಿ ಉಜ್ಜಬೇಡಿ.
- ಸ್ವಂತ ದುಡಿಮೆಯೂ ವೆಚ್ಚವೇ.

ಅಭ್ಯಾಸ

1. ಮೇಲಿನ ಬೀರುವಿಗೆ 10 ಶೇಕಡಾ ದರದಲ್ಲಿ ಕ್ಷೀಣಿಸುವ ಬಾಕಿ ಪದ್ಧತಿಯಂತೆ ಮೂರು ವರ್ಷದ ಸವಕಳಿ ಲೆಕ್ಕ ಹಾಕಿ.
2. ನಮ್ಮ ಕಾಲೇಜಿನ ಪ್ರಯೋಗಾಲಯದ ಒಂದು ಬೀರುವನ್ನು ಅಳೆದು, ಉಪನ್ಯಾಸಕರ ಅನುಮತಿ ಪಡೆದು, ಅದರ ತೂಕವನ್ನು ಅಂದಾಜು ಮಾಡಿ.
3. ನಿಮ್ಮ ಬೀದಿಯ ಗುಜರಿ ಅಂಗಡಿಯವರನ್ನು ಮಾತಾಡಿಸಿ, ಈ ವಾರ ಕತ್ತರಿಸಿದ ವಸ್ತುಗಳಲ್ಲಿ ಇನ್ನೂ ಬಳಸಬಹುದಾಗಿದ್ದವು ಯಾವುವು ಎಂದು ಕೇಳಿ ಪಟ್ಟಿ ಮಾಡಿ.